ಅಪ್ಪನ ಬೆನ್ನು ಗುಣವಾದದ್ದು

ಆಪರೇಷನ್ ಆದ ಮೇಲೆ ಅಪ್ಪ ಪ್ಲಾಸ್ಟರಿನ ಕವಚದೊಳಗೆ ಮೂರು ತಿಂಗಳು ಮಲಗಿದ್ದ. ನಾಲ್ಕೂ ಇರಬಹುದು. ನನ್ನನ್ನು ಕಾಡುವುದು ಅದಲ್ಲ, ಆಪರೇಷನ್ನಿಗೆ ಮೊದಲು ಕೇಳಿದ ಒಂದು ಪ್ರಶ್ನೆ.

ಅಪ್ಪನ ಸೊಂಟದ ಹತ್ತಿರ ಬೆನ್ನೆಲುಬಿನ ಎರಡು ಮಣಿಗಳ ನಡುವಿನ ಮೆತ್ತೆ ಸವೆದಿತ್ತು. ಕಾಲಿನ ಎಲುಬಿನ ಚೂರು ತೆಗೆದು ಅಲ್ಲಿಟ್ಟು ಬೆಸೆಯುತ್ತೇವೆ, ನೋವು ಹೋಗಬಹುದು, ಆ ಜಾಗ ಮಾತ್ರ ಇನ್ನು ಬಗ್ಗದು ಎಂದರು ಹೈದರಾಬಾದಿನ ಡಾಕ್ಟರು. ಆಮೇಲೆ ಉರ್ದುವಿನಲ್ಲಿ ಕೇಳಿದರು: ಕೆಲಸಕ್ಕೆ ನೆಲದ ಮೇಲೆ ಕೂಡುತ್ತಾನೆಯೇ? ನಮ್ಮಿಬ್ಬರಲ್ಲಿ ಉರ್ದು ಕಲಿತವನು ನಾನು. ಅಪ್ಪನನ್ನು ಕೇಳಿದೆ.

"ನೆಲದ ಮ್ಯಾಲ ಯಾಕ ಕೂಡ್ಲಿ? ಕಾಲು ಕೆಳಗ ಇಳಿಬಿಟ್ಟು ಕೂಡ್ತೀನಿ ಅಂತ ಹೇಳಪಾ."

ಸುಳ್ಳಲ್ಲ. ನಾರಾಯಣಪೇಟೆಯ ನಮ್ಮ ಮನೆಯದು ಕುಣಿಮಗ್ಗ. ನೇಯುವವನು ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು ಕಾಲನ್ನು ಒಳಗೆ ಇಳಿಬಿಡುತ್ತಾನೆ. ನಾನು ಕಾಲಿನ ಮಾತು ಹೇಳಿದೆ, ಕುಣಿಯ ಮಾತು ಹೇಳಲಿಲ್ಲ. ಡಾಕ್ಟರಿಗೆ ಕಂಡದ್ದು ಕುರ್ಚಿಯ ಮೇಲಿನ ಗುಮಾಸ್ತ. ನಾನೇ ಕುರ್ಚಿ ಅಂದೆನೇ? ಕೆಲವು ಸಲ ಅಂದ ಹಾಗೇ ನೆನಪಾಗುತ್ತದೆ. ಈ ನೆನಪಿಗೆ ನಾಚಿಕೆಯಿಲ್ಲ, ಬೈದ ಹಾಗೆಲ್ಲ ಬದಲಾಗುತ್ತದೆ.

ಎಲುಬು ಕೂಡಿತು. ಕಾಲಿಗಿಳಿಯುತ್ತಿದ್ದ ಸೆಳೆತ ನಿಂತಿತು. ಆಪರೇಷನ್ ಯಶಸ್ವಿ ಎಂದು ಚೀಟಿ ಬರೆದುಕೊಟ್ಟರು.

ಮಗ್ಗಕ್ಕೆ ಕೂತ ಮೊದಲ ದಿನವೇ ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆ ಹರಿಯಿತು. ಮುಂದಕ್ಕೆ ಬಾಗಿ ಅದಕ್ಕೆ ಗಂಟು ಹಾಕಬೇಕು. ಅಪ್ಪನ ಬೆರಳುಗಳು ಒಂದು ಗೇಣು ಈಚೆಗೇ ನಿಂತವು. ಅವ್ವ ಬಂದು ಹಾಕಿದಳು. ಮತ್ತೊಂದು ಹರಿಯಿತು. ಮತ್ತೆ ಬಂದಳು.

ಅಷ್ಟರಲ್ಲಿ ಮಕ್ತಲಿನಿಂದ ಸೋದರಮಾವ ಬಂದ.

"ಬೆನ್ನು ಹ್ಯಾಂಗೈತ್ರಿ ಭಾವಾರ?"

"ಗುಣ ಆಗೇತಿ."

"ಗುಣ ಆದೋರಿಗೆ ಎಳಿ ಮುಟ್ಟಾಕ ಆಗವಲ್ದು," ಅಂದಳು ಅವ್ವ. "ಬೆನ್ನಾಗ ಎಲುಬು ಇಟ್ಟಾರೋ, ಒನಕಿ ಇಟ್ಟಾರೋ!"

ಮಾವ ನಕ್ಕ. ನನಗೆ ತಡೆಯಲಾಗಲಿಲ್ಲ. "ಕುಣ್ಯಾಗ ಕೂಡ್ತೀನಿ ಅಂತ ಅವತ್ತ ಯಾಕ ಬಾಯಿಬಿಡಲಿಲ್ಲ?"

"ಅಂದಿದ್ರ ಡಾಕ್ಟರ್ ಕೊಯ್ತಿದ್ದಿಲ್ಲ," ಅಂದ ಅಪ್ಪ. "ಆ ನೋವು ನಿನಗೇನು ಗೊತ್ತು?"

ಅವತ್ತೇ ಇದನ್ನು ಯೋಚಿಸಿದ್ದನೋ, ಈಗ ಹೊಂದಿಸಿಕೊಂಡನೋ! ಕೇಳಿದರೆ ಹೇಳುವ ಮನುಷ್ಯನಲ್ಲ. ನೋವಿಲ್ಲದ ಬೆನ್ನನ್ನು ಗೋಡೆಯಂತೆ ನೆಟ್ಟಗಿಟ್ಟುಕೊಂಡು ಲಾಳಿ ಎಸೆದ. ಎಳೆ ಹರಿಯಿತು. ಅವ್ವ ಒಲೆಯ ಮುಂದಿದ್ದಳು.

"ನೋಡ್ಕೋತ ಕುಂತೀ?" ಅಂದ ಅಪ್ಪ.

ಗೊಣಗುತ್ತ ಎದ್ದು ಹೋಗಿ ಗಂಟು ಹಾಕಿದೆ.