ಗುಮ್ಮನ ಕುರ್ಚಿ

ನನ್ನ ತಂಗಿಯನ್ನು ಮನೆಯಲ್ಲಿ ಎಲ್ಲರೂ ಮಾತಿನಮಲ್ಲಿ ಎಂದೇ ಕರೆಯುವುದು. ಹಲ್ಲುಜ್ಜುವಾಗಲೂ ಅವಳ ಬಾಯಿಗೆ ಬಿಡುವಿರುತ್ತಿರಲಿಲ್ಲ. ಚಿಕ್ಕ ಮಕ್ಕಳಿಗೆ ಪಾಠ ಹೇಳಬೇಕು, ಅವು ತನ್ನ ಕೈಗೆ ಜೋತುಬೀಳಬೇಕು ಎಂಬುದೊಂದೇ ಅವಳ ಆಸೆ. ಅದಕ್ಕೆಂದೇ ವಿಶ್ವವಿದ್ಯಾಲಯ ಸೇರಿದಳು. ಬೆಳಿಗ್ಗೆ ಅಲ್ಲಿ ಬಾಲ್ಯದ ಬಗ್ಗೆ ಓದು, ಮಧ್ಯಾಹ್ನ ಒಂದು ಪ್ರಾಥಮಿಕ ಶಾಲೆಯಲ್ಲಿ ತರಬೇತಿ.

ಪ್ರೊಫೆಸರು ಕೊಟ್ಟ ಮೊದಲ ಕೆಲಸವೇ ವಿಚಿತ್ರವಾಗಿತ್ತು. ಒಂದನೇ ತರಗತಿಯ ಹಿಂದಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಮಕ್ಕಳ ಆಟ, ಜಗಳ ಗಮನಿಸಬೇಕು. ಮಾತಾಡಕೂಡದು, ನಗಕೂಡದು, ಕರೆದರೆ ಓಗೊಡಕೂಡದು. ಇವಳ ಕೈಲಿ ಆದಂತೆಯೇ ಇದೆ ಎಂದು ನಾನು ನಕ್ಕೆ. ಅವಳಿಗೆ ರೇಗಿತು. ಹಟಕ್ಕೆ ಬಿದ್ದು ಮನೆಯಲ್ಲೇ ಅಭ್ಯಾಸ ಶುರುಮಾಡಿದಳು.

ಅಡುಗೆಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರುತ್ತಿದ್ದಳು, ರೆಪ್ಪೆ ಕೂಡ ಅಲುಗಿಸದೆ. ಒಂದು ಸಂಜೆ ಅಮ್ಮ ಕೆಲಸ ಮುಗಿಸಿ, ಲೈಟು ಆರಿಸಿ ಹೊರಬಂದು, ಮಾತಿನಮಲ್ಲಿ ಇನ್ನೂ ಬಂದಿಲ್ಲವಾ ಎಂದು ಕೇಳಿದಳು. ನಾನು ಒಳಗೆ ಹೋಗಿ ನೋಡಿದರೆ ಕತ್ತಲಲ್ಲಿ ಅವಳು ಅಲ್ಲೇ ಇದ್ದಳು. ಕರೆದರೂ ಮಿಸುಕಲಿಲ್ಲ. ಸುಳ್ಳೇಕೆ, ನನ್ನ ಸ್ವಂತ ತಂಗಿಯನ್ನು ಕಂಡು ನನಗೇ ಭಯವಾಯಿತು.

ಶಾಲೆಯಲ್ಲಿ ಅಷ್ಟರಲ್ಲಿ ಒಂದು ಎಡವಟ್ಟಾಗಿತ್ತು. ಅಲ್ಲಿನ ಟೀಚರಮ್ಮ ಗಲಾಟೆ ತಡೆಯಲಾರದೆ, ಸುಮ್ಮನಿರದಿದ್ದರೆ ಮೂಲೆಯ ಗುಮ್ಮನಿಗೆ ಹಿಡಿದುಕೊಡುತ್ತೇನೆ ಎಂದು ಮಕ್ಕಳನ್ನು ಗದರಿದ್ದರು. ನಾನು ಗುಮ್ಮ ಅಲ್ಲ ಎಂದು ಇವಳು ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಿಯಮ ಮುರಿಯಲಿಲ್ಲ ಪುಣ್ಯಾತ್ಗಿತ್ತಿ. ಅಂದಿನಿಂದ ಒಂದು ಮಗುವೂ ಆ ಮೂಲೆಯತ್ತ ತಿರುಗಿ ನೋಡಲಿಲ್ಲ. ಮಕ್ಕಳು ನಿಮ್ಮನ್ನು ಮರೆತೇಬಿಟ್ಟಿದ್ದಾರೆ ಎಂದು ಪ್ರೊಫೆಸರು ಮೆಚ್ಚಿಕೊಂಡರು.

ಕೊನೆಗೆ ಪರೀಕ್ಷೆಯ ಪಾಠ ಬಂತು. ಹಳದಿ ಬಟ್ಟೆ ತೊಟ್ಟು, ಕೈಗೊಂಬೆ ಹಿಡಿದು ತರಗತಿಯ ಮುಂದೆ ನಿಂತಳು. ಕಥೆ ಹೇಳಿದಳು, ಕೋತಿಯ ಹಾಗೆ ಕುಣಿದಳು. ಯಾರೂ ನಗಲಿಲ್ಲ. ಮಕ್ಕಳು ಕೈಕಟ್ಟಿ, ಉಸಿರು ಬಿಗಿಹಿಡಿದು ಕೂತಿದ್ದವು. ಬಾಗಿಲಲ್ಲಿ ನಿಂತಿದ್ದ ಪ್ರೊಫೆಸರು ಇಂಥ ಶಿಸ್ತನ್ನು ತಾವು ಕಂಡೇ ಇಲ್ಲವೆಂದು ಹೊಗಳಿ, ಪಾಸು ಮಾಡಿ ಹೋದರು. ಇವಳಿಗೆ ಮಾತ್ರ ಅಳು ಒತ್ತಿಬಂತು. ಮುಂದಿನ ಬೆಂಚಿನ ಹುಡುಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ನನ್ನ ಕಂಡ್ರೆ ಭಯಾನಾ, ಪುಟ್ಟಾ?" ಎಂದು ಕೇಳಿದಳು.

ಹುಡುಗಿ ಇಲ್ಲವೆಂದು ತಲೆಯಾಡಿಸಿ, ಅವಳ ಕಿವಿಗೆ ಬಾಯಿಟ್ಟಿತು.

"ನೀವು ಒಳ್ಳೆಯೋರು ಮಿಸ್. ಆದ್ರೆ ಮೆಲ್ಲಗೆ ಮಾತಾಡಿ. ಅಲ್ಲಿ ಕೂತಿದೆಯಲ್ಲ, ಅದಕ್ಕೆ ಕೇಳಿಸುತ್ತೆ."

ಮೂಲೆಯ ಕುರ್ಚಿ ಖಾಲಿಯಿತ್ತು.

ಈಗ ಅವಳು ಅದೇ ಶಾಲೆಯಲ್ಲಿ ಟೀಚರು. ಬಂದ ದಿನವೇ ಆ ಕುರ್ಚಿಯನ್ನು ಹೊರಗೆ ಹಾಕಿಸಿದಳು. ಹೊಸ ಮಕ್ಕಳು ಬಂದಿವೆ, ಆಸೆಪಟ್ಟಂತೆಯೇ ಕೈಗೆ ಜೋತುಬೀಳುತ್ತವೆ. ಆ ಮೂಲೆ ಹತ್ತಿರವಾದಾಗ ಮಾತ್ರ ಕೈ ಬಿಡಿಸಿಕೊಂಡು, ದೂರದಿಂದ ಸುತ್ತಿ ಹೋಗುತ್ತವಂತೆ. ಅವುಗಳಿಗೆ ಯಾರೂ ಏನೂ ಹೇಳಿಲ್ಲ.

ಆ ಮೂಲೆ ದಾಟುವಾಗ ನೀನು ಹೇಗೆ ಹೋಗುತ್ತೀಯೆ ಎಂದು ಕೇಳಿದೆ. ಮಾತಿನಮಲ್ಲಿ ಉತ್ತರ ಕೊಡಲಿಲ್ಲ.