ಎರಡೂ ಕೈಗೆ ಕಪ್ಪು-ಬಸಿ

ಜಮಖಂಡಿ ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲೊಬ್ಬ ವಕೀಲರಿದ್ದರು. ಅವರ ಗ್ರಾಮೋಫೋನಿನ ಮೇಲೆ ಸದಾ ಬೆಲ್ಜಿಯಂ ದೇಶದ ಒಬ್ಬ ಜಾಝ್ ಪಿಯಾನೋ ವಾದಕನ ರೆಕಾರ್ಡು. ಅವನ ಹೆಸರು ನಮ್ಮೂರಲ್ಲಿ ಹಾಗಿರಲಿ, ಅದನ್ನು ಮಾರಿದ ಮುಂಬೈಯ ಅಂಗಡಿಯವನಿಗೂ ಗೊತ್ತಿರಲಿಲ್ಲವಂತೆ.

"ದೊಡ್ಡ ಹೆಸರಿನವರನ್ನ ಯಾರ ಬೇಕಾದ್ರೂ ಕೇಳ್ತಾರ. ನೀವು ಇವನ್ನ ಕೇಳ್ರಿ," ಎನ್ನುವರು, ಕಕ್ಷಿದಾರನಿಗೂ, ನನಗೂ, ಮೊಸರು ತಂದವಳಿಗೂ.

ಹೊಸಬರು ಬಂದರೆ ಮೊದಲು ಚಹಾ ತುಂಬಿದ ಕಪ್ಪು-ಬಸಿಯನ್ನು ಎರಡೂ ಕೈಗೆ ಕೊಡುವರು. ನಮ್ಮ ಕಡೆ ಸಂಗೀತ ಶುರುವಾದರೆ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತದೆ. ಈ ಪಿಯಾನೋಗೆ ಹಾಗೆ ತಾಳ ಹಾಕಲು ಹೋದವರು ಸ್ವಲ್ಪದರಲ್ಲೇ ದಾರಿ ತಪ್ಪಿ, ಸಿಟ್ಟಾಗಿ ಎದ್ದುಹೋಗುತ್ತಿದ್ದರು.

"ಕೈಗೆ ಕೆಲಸ ಕೊಟ್ರ ಕಿವಿ ಕೇಳ್ತಾವ್ರಿ," ಎಂಬುದು ವಕೀಲರ ವಾದ.

ಒಮ್ಮೆ ಬನಹಟ್ಟಿಯಿಂದ ತಬಲಾ ಮಾಸ್ತರರು ಬಂದರು. ಅವರು ಒಪ್ಪದ್ದನ್ನು ಆ ಸೀಮೆಯಲ್ಲಿ ಯಾರೂ ಸಂಗೀತ ಎನ್ನುತ್ತಿರಲಿಲ್ಲ. ವಕೀಲರು ಮಾತ್ರ ಎಂದಿನಂತೆ ಅವರ ಕೈಗೂ ಕಪ್ಪು-ಬಸಿ ಕೊಟ್ಟು, ರೆಕಾರ್ಡಿನ ಮೇಲೆ ಸೂಜಿ ಇಟ್ಟರು. ಮಾಸ್ತರರ ಹೆಬ್ಬೆರಳು ಬಸಿಯ ಅಂಚನ್ನು ತಟ್ಟತೊಡಗಿತು. ಚಹಾ ತುಳುಕಿತು. ಬೆರಳು ನಿಂತಿತು. ಆಮೇಲೆ ಅವರು ಅಲುಗಾಡಲಿಲ್ಲ. ರೆಕಾರ್ಡು ಮುಗಿಯುವ ಹೊತ್ತಿಗೆ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಆರಿಹೋತಲ್ರೀ. ಕೊಡ್ರಿ, ಬ್ಯಾರೆ ಬಿಸಿ ತರಸ್ತೇನಿ," ಎಂದು ವಕೀಲರು ಕೈ ಚಾಚಿದರು.

ಮಾಸ್ತರರು ಕಪ್ಪು ಬಿಡಲಿಲ್ಲ.

"ಇದು ನನ್ನ ಕೈಯಾಗ ಇರ್ಲಿ, ವಕೀಲಸಾಹೇಬ್ರ. ರೆಕಾರ್ಡ ಮತ್ತೊಮ್ಮಿ ಹಚ್ರಿ."