ಮೇಲಿನ ಮನೆಯವನು

ಈರಣ್ಣ ರೊಟ್ಟಿ ಬಡಿಯಲು ನಿಂತರೆ ರೆಕ್ಸ್‌ಡೇಲಿನ ಮನೆಯಲ್ಲಿ ಅವನು ಬಾಡಿಗೆಗಿದ್ದ ಬೇಸ್‌ಮೆಂಟಿನ ಸದ್ದು ಮೇಲಿನ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅವನು ಕಳಿಸಿದ ರೊಟ್ಟಿಯನ್ನು ನನ್ನ ಹೆಂಡತಿ ಸುಜಾತಾ ಬೆಳಕಿಗೆ ಹಿಡಿದು, "ನೋಡ್ರಿ, ಅಂಚಿಗೆ ಒಂದ್ ಸೀಳಿಲ್ಲ" ಎನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನಂತೆ ನಾನೂ ಧಾರವಾಡದವನೇ. ಆದರೆ ನಾನು ಬಡಿದ ರೊಟ್ಟಿ ಹಂಚು ಮುಟ್ಟುವ ಮೊದಲೇ ಹರಿಯುತ್ತಿತ್ತು.

ನಾವು ಈ ಪರದೇಶಕ್ಕೆ ಬಂದ ಮೊದಲ ಚಳಿಗಾಲ. ಕಸ ಹಾಕಲು ಬರೀ ಅಂಗಿಯಲ್ಲಿ ಹೊರಗೆ ಹೋದೆ, ಬೆನ್ನ ಹಿಂದೆ ಬಾಗಿಲು ತಾನಾಗಿ ಲಾಕಾಯಿತು. ಸುಜಾತಾ ಶಿಫ್ಟಲ್ಲಿದ್ದಳು. ಹವಾಯಿ ಚಪ್ಪಲಿಯಲ್ಲಿ ನಡುಗುತ್ತಿದ್ದವನನ್ನು ಈರಣ್ಣ ಒಳಗೆಳೆದುಕೊಂಡ. "ತಮ್ಮಾ, ಈ ದೇಶದಾಗ ಬಾಗಲಕ್ಕ ಬೆನ್ನ ತೋರಸಬಾರದೋ!" ಎಂದು ನಕ್ಕು ಬಿಸಿ ರೊಟ್ಟಿ, ಝುಣಕ ಮುಂದಿಟ್ಟ. ತಾನು ಮಾತ್ರ ಊಟ ಮುಟ್ಟದೆ ಸ್ಟೀಲ್ ಗ್ಲಾಸಿನಿಂದ ವಿಸ್ಕಿ ಗುಟುಕರಿಸುತ್ತಿದ್ದ. ಆಮೇಲೆ ನಮ್ಮವರೆಲ್ಲ ಮನೆಯಿಂದ ಅಡುಗೆ ತಂದು ಕೂಡಿ ಉಣ್ಣುವ ಪ್ರತಿ ಪಾಟ್‌ಲಕ್ಕಿನಲ್ಲೂ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದ. ಚಪ್ಪಾಳೆ ಅವನಿಗೆ, ನಡುಕ ನನಗೆ!

ಬರಬರುತ್ತ ಆ ಗ್ಲಾಸು ಅವನ ಊಟವನ್ನೇ ನುಂಗಿತು. ಒಂದು ದಿನ ಕೆಲಸದಲ್ಲೇ ಬಿದ್ದ. ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. ವರ್ಷಗಟ್ಟಲೆ ಕುಡಿತ, ಜೊತೆಗೆ ಹೊಟ್ಟೆಗಿಲ್ಲದ್ದು. ಮಿದುಳು ಕುಗ್ಗಿದೆ, ನೆನಪು ಕಟ್ಟುವ ಭಾಗಕ್ಕೇ ಪೆಟ್ಟು ಬಿದ್ದಿದೆ ಎಂದರು. ಇಂಥ ರೋಗಿಗಳು ಮರೆತ ಕಡೆಯಲ್ಲೆಲ್ಲ ಏನಾದರೊಂದು ತುಂಬಿ ಹೇಳುತ್ತಾರೆ, ಅದು ಸುಳ್ಳಲ್ಲ, ಅವರ ಪಾಲಿಗೆ ನಿಜವೇ ಎಂದೂ ಹೇಳಿದರು. ಸುಜಾತಾ ಅಲ್ಲಿಗೆ ದಿನಾ ಬುತ್ತಿ ಹೊತ್ತಳು. ನನಗೆ ಜ್ವರ ಬಂದಾಗ ಸೂಪಿನ ಡಬ್ಬಿ ತೋರಿಸಿ ಹೋದವಳು ಇವಳೇ. ಹಾಸಿಗೆ ಹಿಡಿದವನ ಮೇಲೂ ನನಗೆ ಹೊಟ್ಟೆಕಿಚ್ಚು ತಪ್ಪಲಿಲ್ಲ.

ಕೊನೆಯ ಸಲ ಅವನನ್ನು ನೋಡಿದ್ದು ಒಶಾವಾದ ಆರೈಕೆ ಮನೆಯಲ್ಲಿ. ಟೇಬಲ್ಲಿನ ಮೇಲೆ ಅಂಗೈಯಿಂದ ಮೆಲ್ಲಗೆ ಬಡಿಯುತ್ತ ಕೂತಿದ್ದ.

"ಬರ್ರಿ, ಕೂಡ್ರಿ. ಯಾರ್ ಬೇಕಾಗಿತ್ತ್ರಿ ನಿಮಗ?" ಎಂದ.

ಯಾವಾಗಲೂ ನನ್ನನ್ನು 'ತಮ್ಮಾ' ಅನ್ನುತ್ತಿದ್ದವನ ಬಾಯಲ್ಲಿ ಆ ಬಹುವಚನ ಕೇಳಿ ನನಗೆ ಅಳು ಬಂತು. ಅವನು ತನ್ನಷ್ಟಕ್ಕೆ ಕಥೆ ಶುರುಮಾಡಿದ.

"ಒಮ್ಮೆ ನಾ ಬರ್ಫಿನ್ಯಾಗ ಹೊರಗ ಸಿಕ್ಕೊಂಡಿದ್ದೆ ನೋಡ್ರಿ, ಚಪ್ಪಲ್ ಮ್ಯಾಲೆ. ಮ್ಯಾಲಿನ ಮನಿಯಾಂವ ಒಳಗ ಕರದು ಬಿಸಿ ರೊಟ್ಟಿ ಕೊಟ್ಟ. ಏನ್ ರೊಟ್ಟಿ ಅಂತೀರಿ! ಅಂಚಿಗೆ ಒಂದ್ ಸೀಳಿಲ್ಲ. ಭಾಳ ಚಲೋ ಮನಷ್ಯಾ. ಆಂವ ಬರ್ತಾನೇನ್ರಿ ಇವತ್ತ?"

"ಬರ್ತಾನ್ರಿ," ಎಂದೆ.

ಎದುರಿಗೆ ಕೂತ ನನ್ನನ್ನು ಬಿಟ್ಟು ಈರಣ್ಣ ಬಾಗಿಲ ಕಡೆಗೇ ನೋಡುತ್ತಿದ್ದ. ಅವನು ಕಾಯುತ್ತಿದ್ದ ಆ ಮೇಲಿನ ಮನೆಯವನ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚು ನಾನು ಈರಣ್ಣನ ಮೇಲೂ ಪಟ್ಟಿರಲಿಲ್ಲ.